‘ಗಟ್ಟಿ ಗಮ್ ಕೊಡ್ರಿ’

ನಾನು ಕೆಲಸ ಮಾಡುವ ಅಂಗಡಿಗೆ ಅಂಟು ಕೇಳಿಕೊಂಡು ಬರುವವರಲ್ಲಿ ಹೆಸರು ಹಿಡಿದು ಕೇಳುವವರು ಕಡಿಮೆ. ‘ಗಟ್ಟಿ ಗಮ್ ಕೊಡ್ರಿ’ ಅನ್ನುತ್ತಾರೆ. ಇನ್ನು ಕೆಲವರು ಕೌಂಟರಿನ ಹಿಂದೆ ಹುಡುಗಿ ನಿಂತಿರುವುದನ್ನು ನೋಡಿ, ‘ಸಾಹುಕಾರ್ರು ಇಲ್ಲೇನಮ್ಮಾ?’ ಎಂದು ಒಳಗೆ ಇಣುಕುತ್ತಾರೆ. ಸಾಹುಕಾರರು ಇದ್ದರೂ ಅಂಟಿನ ಗಿರಾಕಿಯನ್ನು ನನ್ನ ಕಡೆಗೇ ಕಳಿಸುತ್ತಾರೆ. ‘ಕೆಮಿಸ್ಟ್ರಿ ಓದೈತ್ರಿ ಆ ಹುಡುಗಿ, ಕೇಳ್ರಿ’ ಎನ್ನುವುದು ಅವರ ಮಾತು.

ನನ್ನೂರು ಸಂಗನಕಲ್ಲು. ಬಿ.ಎಸ್ಸಿ. ಮುಗಿಸಿ ಎರಡು ವರ್ಷವಾಯಿತು. ಬೆಳಿಗ್ಗೆ ಸ್ಪರ್ಧಾತ್ಮಕ ಪರೀಕ್ಷೆಯ ಓದು, ಮಧ್ಯಾಹ್ನದಿಂದ ರಾತ್ರಿ ಎಂಟರವರೆಗೆ ಬಳ್ಳಾರಿಯ ಹಾರ್ಡ್‌ವೇರ್ ಅಂಗಡಿ. ಕಾಲೇಜಿನಲ್ಲಿ ಪಾಲಿಮರ್ ಅಧ್ಯಾಯವನ್ನು ಐದು ಅಂಕದ ಪ್ರಶ್ನೆಗೆಂದು ಓದಿದ್ದೆ. ಅದು ಬಾಡಿಗೆ ಕಟ್ಟುವ ಕೆಲಸಕ್ಕೆ ಬಂದದ್ದು ಈ ಕೌಂಟರಿನಲ್ಲಿ. ನಿಮ್ಮಲ್ಲೂ ಎಷ್ಟೋ ಜನ ರೂಮು ಮಾಡಿಕೊಂಡು ಓದುತ್ತಿರುತ್ತೀರಿ. ಮುರಿದ ಕುರ್ಚಿ, ಬಿಟ್ಟುಹೋದ ಚಪ್ಪಲಿ, ಸೋರುವ ನಲ್ಲಿ ಎಲ್ಲವನ್ನೂ ಒಂದೇ ಟ್ಯೂಬಿನಿಂದ ಸರಿಮಾಡಲು ನೋಡಿರುತ್ತೀರಿ. ಹಾಗಾಗಿ ಈ ಬರಹ.

‘ಗಟ್ಟಿ ಗಮ್’ ಎಂದು ಕೇಳಿದವರಿಗೆ ನಾನು ತಿರುಗಿ ಕೇಳುವುದು ಒಂದೇ: ‘ಏನು ಮುರಿದೈತ್ರಿ?’ ಯಾವ ಕಂಪನಿಯದು ಬೇಕು, ಎಷ್ಟು ದುಡ್ಡಿನದು ಬೇಕು ಎನ್ನುವುದೆಲ್ಲ ಆಮೇಲೆ. ಅಂಟಿನ ಗಟ್ಟಿತನ ಅಂಟಿನಲ್ಲಷ್ಟೇ ಇರುವುದಿಲ್ಲ. ಎರಡು ಮೈಗಳು, ಅವುಗಳ ಮೇಲೆ ಬೀಳುವ ಭಾರ, ಬಿಸಿ, ನೀರು ಇವೆಲ್ಲ ಸೇರಿ ಅದನ್ನು ತೀರ್ಮಾನಿಸುತ್ತವೆ.

ಎಪಾಕ್ಸಿ ಎಂದರೆ ಎರಡು ಟ್ಯೂಬಿನ ಅಂಟು. ಒಂದರಲ್ಲಿ ರೆಸಿನ್, ಇನ್ನೊಂದರಲ್ಲಿ ಹಾರ್ಡನರ್. ನಮ್ಮ ಕಡೆ ಅದಕ್ಕೆ ‘ಅರಾಲ್ಡೈಟ್’ ಎಂದೇ ಹೆಸರು, ಯಾವ ಕಂಪನಿಯದಾದರೂ ಸರಿ. ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ತಾಂ ಎಂಬ ರಸಾಯನಶಾಸ್ತ್ರಜ್ಞ 1930ರ ದಶಕದಲ್ಲಿ ಹಲ್ಲಿನ ಚಿಕಿತ್ಸೆಗೆ ಬೇಕಾದ ವಸ್ತು ಹುಡುಕುತ್ತಾ ಈ ರೆಸಿನ್ ಮಾಡಿದ. ಅದರ ಹಕ್ಕು ಸೀಬಾ ಕಂಪನಿಗೆ ಹೋಗಿ 1940ರ ದಶಕದಲ್ಲಿ ಅರಾಲ್ಡೈಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಭಾರತದಲ್ಲಿ ಆ ಹೆಸರು ಕೈಯಿಂದ ಕೈಗೆ ದಾಟಿ 2020ರಲ್ಲಿ ಫೆವಿಕಾಲ್ ಮಾಡುವ ಪಿಡಿಲೈಟ್ ಕಂಪನಿಯ ಪಾಲಾಯಿತು. ಎಂ-ಸೀಲ್ ಕೂಡ ಅವರದೇ. ಅಂದರೆ ಅಂಗಡಿಯಲ್ಲಿ ‘ಅದು ಬೇಡ, ಇದು ಕೊಡಿ’ ಎಂದು ಜಗಳವಾಡಿ ಕೊಂಡರೂ ದುಡ್ಡು ಬಹಳ ಸಲ ಒಂದೇ ಗಲ್ಲಾಪೆಟ್ಟಿಗೆಗೆ ಹೋಗುತ್ತದೆ.

ಫೆವಿಕಾಲ್‌ನಂಥ ಬಿಳಿ ಅಂಟಿನಲ್ಲಿರುವ ನೀರು ಆರಿದರೆ ಅದು ಗಟ್ಟಿಯಾಗುತ್ತದೆ. ಎಪಾಕ್ಸಿ ಹಾಗಲ್ಲ, ಅದರಲ್ಲಿ ಆರಿಹೋಗುವಂಥದ್ದು ಏನೂ ಇಲ್ಲ. ರೆಸಿನ್ ಮತ್ತು ಹಾರ್ಡನರ್‌ನ ಅಣುಗಳು ಒಂದಕ್ಕೊಂದು ಕೈಹಿಡಿದು, ಮೀನಿನ ಬಲೆಯಂತೆ ಎಲ್ಲ ದಿಕ್ಕಿನಲ್ಲೂ ಹೆಣೆದುಕೊಳ್ಳುತ್ತವೆ. ಒಮ್ಮೆ ಹೆಣೆದರೆ ಬಿಚ್ಚುವುದಿಲ್ಲ, ಬಿಸಿ ಮಾಡಿದರೂ ಮತ್ತೆ ಕರಗಿ ದ್ರವವಾಗುವುದಿಲ್ಲ. ಇಷ್ಟು ಗೊತ್ತಾದರೆ ಅಳತೆಯ ವಿಷಯವೂ ತಾನಾಗಿ ತಿಳಿಯುತ್ತದೆ. ರೆಸಿನ್‌ನ ಪ್ರತಿ ಕೈಗೂ ಹಾರ್ಡನರ್‌ನ ಒಂದು ಕೈ ಬೇಕು. ‘ಬೇಗ ಗಟ್ಟಿಯಾಗಲಿ’ ಎಂದು ಹಾರ್ಡನರ್ ಜಾಸ್ತಿ ಹಾಕುವ ಚಾಳಿ ನಮ್ಮ ಮೇಸ್ತ್ರಿಗಳಲ್ಲಿ ಬಹಳ. ಸಿಮೆಂಟಿಗೆ ಸಿಮೆಂಟು ಸೇರಿಸಿದಂತೆ ಅಂದುಕೊಳ್ಳುತ್ತಾರೆ. ಆದರೆ ಹೆಚ್ಚಾದ ಹಾರ್ಡನರ್‌ಗೆ ಜೋಡಿ ಸಿಗದೆ ಅದು ಹಾಗೇ ಉಳಿದು, ಅಂಟು ರಬ್ಬರಿನಂತೆ ಮೆತ್ತಗಾಗುತ್ತದೆ. ಪೊಟ್ಟಣದ ಮೇಲೆ ಬರೆದ ಅಳತೆಯೇ ಅಳತೆ. ಮನೆ ಬಳಕೆಯ ಟ್ಯೂಬುಗಳಲ್ಲಿ ಸಾಮಾನ್ಯವಾಗಿ ಗಾತ್ರದಲ್ಲಿ ಸಮಸಮ. ಎರಡು ಗೆರೆ ಒಂದೇ ಉದ್ದಕ್ಕೆ ಹಿಂಡಿ, ಬಣ್ಣ ಒಂದಾಗುವವರೆಗೆ ಕಲಸಬೇಕು. ಎಂ-ಸೀಲ್‌ನ ಎರಡು ಮುದ್ದೆಯನ್ನೂ ಚಪಾತಿ ಹಿಟ್ಟು ನಾದಿದಂತೆ, ಒಂದು ಗೆರೆಯೂ ಬೇರೆ ಬಣ್ಣ ಕಾಣದಂತೆ ನಾದಬೇಕು.

ಕಳೆದ ವರ್ಷ ಚಳಿಗಾಲದ ಒಂದು ಸಂಜೆ ಬಂದ ಗಿರಾಕಿಯ ಮಾತು ಹೇಳಲೇಬೇಕು. ಮೂವತ್ತರ ಒಳಗಿನವರು, ಕೈಯಲ್ಲಿ ಕಬ್ಬಿಣದ ಕೊಂಡಿ. ‘ಅಮ್ಮಾ, ಇದನ್ನ ಮೋಲ್ಡಿಗೆ ಅಂಟಿಸ್ಬೇಕು, ಬೇಗ ಹಿಡಿಯೋ ಅಂಟು ಕೊಡು. ಐದು ನಿಮಿಷದ್ದು ಐತಂತಲ್ಲ’ ಎಂದರು. ಏನು ನೇತುಹಾಕುತ್ತೀರಿ ಎಂದು ಕೇಳಿದೆ. ತೊಟ್ಟಿಲು! ಹೆಂಡತಿ ಬಾಣಂತನ ಮುಗಿಸಿ ತವರಿನಿಂದ ಬರುವವರಿದ್ದರು. ಬಾಡಿಗೆ ಮನೆ, ಮೋಲ್ಡಿನಲ್ಲಿ ಫ್ಯಾನಿನದು ಬಿಟ್ಟರೆ ಬೇರೆ ಕೊಂಡಿ ಇಲ್ಲ. ಡ್ರಿಲ್ಲಿನಲ್ಲಿ ತೂತು ಕೊರೆದು, ಅಂಟು ತುಂಬಿ, ಕೊಂಡಿ ತುರುಕುವುದು ಅವರ ಲೆಕ್ಕ. ‘ಮಗು ಎಷ್ಟು ಭಾರ ಇರ್ತದಮ್ಮಾ, ನಾಕು ಕೇಜಿ. ನಾನು ಜೋತುಬಿದ್ದು ನೋಡ್ತೀನಿ. ನನ್ನನ್ನ ತಡ್ಕೊಂಡ್ರೆ ಮಗುನ್ನ ತಡ್ಕೊಳ್ಳಲ್ಲೇನು?’

ಕೇಳಿದರೆ ಸರಿಯೆನಿಸುವ ತರ್ಕ ಇದು. ಇದೇ ತರ್ಕವನ್ನು ಅಮೆರಿಕದ ಬಾಸ್ಟನ್ ನಗರದಲ್ಲಿ ಎಂಜಿನಿಯರುಗಳೇ ನಂಬಿದ್ದರು. ಅಲ್ಲಿ ಹೆದ್ದಾರಿಯ ಸುರಂಗದ ಒಳಚಾವಣಿಗೆ ಕಾಂಕ್ರೀಟ್ ಹಲಗೆಗಳನ್ನು ನೇತುಹಾಕಿದ್ದರು. ಹಲಗೆ ಹಿಡಿದ ಬೋಲ್ಟುಗಳನ್ನು ಮೇಲಿನ ಕಾಂಕ್ರೀಟಿನಲ್ಲಿ ತೂತು ಕೊರೆದು ಎಪಾಕ್ಸಿಯಿಂದ ಕೂರಿಸಲಾಗಿತ್ತು. ಕೂರಿಸಿದ ಮೇಲೆ ಎಳೆದು ಪರೀಕ್ಷೆ ಮಾಡಿದ್ದರು. ಪರೀಕ್ಷೆಯಲ್ಲಿ ಅಂಟು ಗೆದ್ದಿತ್ತು. 2006ರ ಜುಲೈ 10ರ ರಾತ್ರಿ, ವಿಮಾನ ನಿಲ್ದಾಣದ ಕಡೆಗೆ ಹೊರಟಿದ್ದ ದಂಪತಿಯ ಕಾರಿನ ಮೇಲೆ ಸುಮಾರು 26 ಟನ್ ಕಾಂಕ್ರೀಟ್ ಮತ್ತು ಕಬ್ಬಿಣ ಕಳಚಿ ಬಿತ್ತು. ಹೆಂಡತಿ ಅಲ್ಲೇ ತೀರಿಕೊಂಡರು, ಗಂಡ ಬದುಕಿದರು.

ತನಿಖೆ ನಡೆಸಿದ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಮರುವರ್ಷ ವರದಿ ಕೊಟ್ಟಿತು. ಅಲ್ಲಿ ಬಳಸಿದ್ದು ‘ಫಾಸ್ಟ್ ಸೆಟ್’, ಅಂದರೆ ಬೇಗ ಹಿಡಿಯುವ ಎಪಾಕ್ಸಿ. ಅದೇ ಅಂಟಿನ ನಿಧಾನದ ಬಗೆಯೂ ಇತ್ತು. ಕ್ಷಣಕಾಲದ ಎಳೆತಕ್ಕೆ ಎರಡೂ ತಡೆಯುತ್ತಿದ್ದವು. ಆದರೆ ಭಾರ ಬಿಡದೆ ತೂಗುತ್ತಿದ್ದಾಗ ಬೇಗ ಹಿಡಿಯುವ ಅಂಟು ಕೂದಲೆಳೆ ಕೂದಲೆಳೆಯಾಗಿ ಜಾರುತ್ತಾ ಹೋಯಿತು. ಎಂಜಿನಿಯರಿಂಗಿನಲ್ಲಿ ಇದಕ್ಕೆ ‘ಕ್ರೀಪ್’ ಎನ್ನುತ್ತಾರೆ. ಬಟ್ಟೆ ಒಣಹಾಕುವ ನೈಲಾನ್ ಹಗ್ಗ ತಿಂಗಳು ಕಳೆದಂತೆ ಜೋತು ಬೀಳುತ್ತದಲ್ಲ, ಅಂಥದ್ದೇ. ಆ ಸುರಂಗದಲ್ಲಿ ಕೆಲವು ಬೋಲ್ಟುಗಳು ಜಾರಿದ್ದು 1999ರಲ್ಲೇ ಕಣ್ಣಿಗೆ ಬಿದ್ದಿತ್ತು. ಅವನ್ನು ಮತ್ತೆ ಕೂರಿಸಿದರೇ ಹೊರತು ಜಾರಿದ್ದೇಕೆ ಎನ್ನುವ ಪ್ರಶ್ನೆಯ ಬುಡಕ್ಕೆ ಹೋಗಲಿಲ್ಲ.

ಇಷ್ಟು ದೊಡ್ಡ ಕಥೆಯನ್ನು ನಾನು ಆ ಅಣ್ಣನಿಗೆ ಹೇಳಲಿಲ್ಲ, ಹಿಂದೆ ಪೈಪಿನವರು ನಿಂತಿದ್ದರು. ಸುರಂಗದ ಚಾವಣಿ ಬಿದ್ದದ್ದು, ಅಂಟು ಬೇಗ ಹಿಡಿಯುವುದೇ ಆಗಿದ್ದದ್ದು ಎರಡನ್ನೇ ಹೇಳಿದೆ. ‘ನೀವು ಒಂದು ನಿಮಿಷ ಜೋತುಬೀಳ್ತೀರಿ. ತೊಟ್ಟಿಲು ವರ್ಷಗಟ್ಟಲೆ ತೂಗ್ತದೆ, ಅಲುಗಾಡ್ತಾನೇ ಇರ್ತದೆ. ಕೆಳಗೆ ಮಗು ಇರ್ತದಣ್ಣ’ ಎಂದೆ. ಅವರು ಕೊಂಡಿಯನ್ನು ಅಂಗೈಯಲ್ಲಿ ತಿರುಗಿಸುತ್ತಾ ನಿಂತರು. ಆಮೇಲೆ ನೆಲದ ಮೇಲೆ ನಿಲ್ಲುವ ಕಬ್ಬಿಣದ ಸ್ಟ್ಯಾಂಡಿನ ತೊಟ್ಟಿಲು ಎಲ್ಲಿ ಸಿಗುತ್ತದೆ ಎಂದು ಕೇಳಿಕೊಂಡು ಹೋದರು. ನಮ್ಮಲ್ಲಿ ಅದಿಲ್ಲ. ‘ಅಂಟೂ ಹೋತು, ಕೊಂಡಿನೂ ವಾಪಸ್ ಬಂತು’ ಎಂದು ಸಾಹುಕಾರರು ನಕ್ಕರು. ಅವರಿಗೂ ಮೊಮ್ಮಗಳಿದ್ದಾಳೆ, ಮತ್ತೇನೂ ಅನ್ನಲಿಲ್ಲ.

ತಲೆಯ ಮೇಲೆ ತೂಗುವ ಯಾವುದಕ್ಕೂ ಮನೆ ಬಳಕೆಯ ಅಂಟನ್ನು ನಂಬಬಾರದು. ಫ್ಯಾನು, ಜೋಕಾಲಿ, ಬಾಕ್ಸಿಂಗ್ ಚೀಲ ಯಾವುದೇ ಇರಲಿ. ಕಟ್ಟಡದವರು ಕಾಂಕ್ರೀಟಿನಲ್ಲಿ ಸರಳು ಕೂರಿಸಲು ಎಪಾಕ್ಸಿ ಬಳಸುವುದು ನಿಜ. ಆದರೆ ಅದು ಬೇರೆಯೇ ಸರಕು. ತೂತಿನ ಆಳ, ಅಗಲ ಲೆಕ್ಕ ಹಾಕಿ, ಒಳಗಿನ ದೂಳನ್ನು ಬ್ರಷ್ಷಿನಿಂದ ಉಜ್ಜಿ, ಗಾಳಿ ಊದಿ ತೆಗೆದು ಮಾಡುವ ಕೆಲಸ ಅದು. ದೂಳು ಉಳಿದರೆ ಅಂಟು ಹಿಡಿಯುವುದು ದೂಳನ್ನು, ಕಾಂಕ್ರೀಟನ್ನಲ್ಲ.

ಇನ್ನೊಂದು ಬಗೆಯ ಗಿರಾಕಿಗಳು ಸಿರುಗುಪ್ಪ, ಕುರುಗೋಡು ಕಡೆಯ ಭತ್ತದ ರೈತರು. ಬೆನ್ನಿಗೆ ಹಾಕಿಕೊಳ್ಳುವ ಔಷಧಿ ಸಿಂಪಡಿಸುವ ಪಂಪಿನ ಡಬ್ಬಿ ಸೀಳಿರುತ್ತದೆ. ‘ಎಂ-ಸೀಲ್ ಕೊಡವ್ವಾ’ ಎನ್ನುತ್ತಾರೆ. ಕೊಟ್ಟರೆ ವ್ಯಾಪಾರವಾಗುತ್ತದೆ, ಆದರೆ ಅಂಟು ನಿಲ್ಲುವುದಿಲ್ಲ. ಆ ಡಬ್ಬಿಗಳು ಸಾಮಾನ್ಯವಾಗಿ ಪಾಲಿಥೀನ್ ಜಾತಿಯ ಪ್ಲಾಸ್ಟಿಕ್. ಅದರ ಮೈ ಎಣ್ಣೆ ಸವರಿದ ದೋಸೆ ಹಂಚಿನಂತೆ, ಏನನ್ನೂ ಹಚ್ಚಿಸಿಕೊಳ್ಳುವುದಿಲ್ಲ. ಎಂ-ಸೀಲ್ ಕಲ್ಲಿನಂತೆ ಗಟ್ಟಿಯಾಗಿ, ಎರಡು ದಿನಕ್ಕೆ ಹಪ್ಪಳದಂತೆ ಎದ್ದು ಬರುತ್ತದೆ. ನೀರಿನ ಬಕೇಟಾದರೆ ನಷ್ಟ ಒಂದಿಷ್ಟು ನೀರು. ಕೀಟನಾಶಕದ ಡಬ್ಬಿಯಾದರೆ ಬೆನ್ನ ಮೇಲೆ ಅಂಗಿ ನೆನೆದು ವಿಷ ಚರ್ಮಕ್ಕೆ ಇಳಿಯುತ್ತದೆ. ಬಿಸಿಲಲ್ಲಿ ಬೆವರಿದ ಮೈ ಬೇರೆ. ಅದಕ್ಕೇ ಇದಕ್ಕೆ ಮಾತ್ರ ನಾನು ಖಡಾಖಂಡಿತವಾಗಿ ‘ಆಗಂಗಿಲ್ರಿ, ಡಬ್ಬಿನೇ ಬದಲಿಸ್ರಿ’ ಎಂದುಬಿಡುತ್ತೇನೆ.

ಪ್ಲಾಸ್ಟಿಕ್ಕಿನ ಜಾತಿ ಕಂಡುಹಿಡಿಯುವುದು ಕಷ್ಟವಲ್ಲ. ತಳ ತಿರುಗಿಸಿ ನೋಡಿ, ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 2 ಮತ್ತು 4 ಪಾಲಿಥೀನ್, 5 ಪಾಲಿಪ್ರೊಪಿಲೀನ್. ಬಕೇಟು, ಕೊಡ, ನೀರಿನ ಟ್ಯಾಂಕು, ಅಚ್ಚಿನ ಕುರ್ಚಿ, ಟಿಫಿನ್ ಡಬ್ಬಿ ಹೆಚ್ಚಾಗಿ ಈ ಗುಂಪಿನವು. ಇವಕ್ಕೆ ಎಪಾಕ್ಸಿಯ ದುಡ್ಡು ದಂಡ. ಕಾಯಿಸಿದ ಕಬ್ಬಿಣದಿಂದ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ಕನ್ನೇ ಬೆಸೆಯುವವರು ಬೀದಿ ಬೀದಿಗೆ ಬರುತ್ತಾರಲ್ಲ, ಬಕೇಟಿಗೆ ಅವರೇ ಸರಿ. 3 ಇದ್ದರೆ ಪಿವಿಸಿ. ಆ ಪೈಪಿಗೆ ಅದರದೇ ಸಾಲ್ವೆಂಟ್ ಸಿಮೆಂಟ್ ಇದೆ, ಎಪಾಕ್ಸಿಗಿಂತ ಅಗ್ಗ, ಕೆಲಸವೂ ಚೆನ್ನ. ಕಬ್ಬಿಣ, ಅಲ್ಯೂಮಿನಿಯಂ, ಹಿತ್ತಾಳೆ, ಕಲ್ಲು, ಪಿಂಗಾಣಿ, ಗಾಜು, ಮರ, ಬೇಕಲೈಟ್ ಇವು ಎಪಾಕ್ಸಿಯ ನಿಜವಾದ ನೆಂಟರು.

ಬಿಸಿಯ ಜಾಗಕ್ಕೂ ಬೇಡ. ಕೋಣೆಯ ತಾಪದಲ್ಲಿ ಗಟ್ಟಿಯಾಗುವ ಸಾಮಾನ್ಯ ಎಪಾಕ್ಸಿಗಳು 60–80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲ ಕಳೆದುಕೊಂಡು ಮೆತ್ತಗಾಗತೊಡಗುತ್ತವೆ. ಕುಕ್ಕರಿನ ಹಿಡಿ ಅಂಟಿಸಿ ಒಲೆ ಮೇಲಿಟ್ಟರೆ, ಬಿಸಿ ಕುಕ್ಕರ್ ಎತ್ತುವ ಹೊತ್ತಿಗೇ ಅದು ಕೈಕೊಡುವುದು. ಹೊಸ ಹಿಡಿ ಕೊಳ್ಳುವುದೇ ಅಗ್ಗ. ಒಡೆದ ಊಟದ ತಟ್ಟೆ, ಕುಡಿಯುವ ಲೋಟಕ್ಕೂ ನಾನು ಎಪಾಕ್ಸಿ ಕೊಡುವುದಿಲ್ಲ. ಆಹಾರಕ್ಕೆ ತಾಗಬಹುದು ಎಂದು ಪೊಟ್ಟಣದ ಮೇಲೆ ಬರೆದಿದ್ದರೆ ಮಾತು ಬೇರೆ.

ಈಗ ನಿಧಾನ, ಅವಸರದ ಮಾತಿಗೆ ಬರೋಣ. ನಮ್ಮ ಓಣಿಯಲ್ಲಿ ಒಬ್ಬ ಅಕ್ಕ ಇದ್ದಾರೆ. ಬಳ್ಳಾರಿಯ ಜೀನ್ಸ್ ಘಟಕಗಳಿಂದ ಬರುವ ತುಂಡು ಬಟ್ಟೆ ತಂದು ಮನೆಯಲ್ಲೇ ಚೀಲ ಹೊಲಿಯುತ್ತಾರೆ. ಕಾಲಲ್ಲಿ ತುಳಿಯುವ ಹಳೇ ಮಷೀನು. ಅದರ ಬೀಡು ಕಬ್ಬಿಣದ ತುಳಿಯುವ ಹಲಗೆ ನಡುವೆ ಸೀಳಿತು. ಚೀಲಕ್ಕೆ ಇಷ್ಟೆಂದು ಕೂಲಿ. ಮಷೀನು ನಿಂತ ದಿನ ಕೂಲಿಯೂ ನಿಂತಂತೆ. ಜೊತೆಗೆ ಮಗನ ಕಾಲೇಜಿನ ಫೀಸು ಕಟ್ಟುವ ವಾರ. ಬೀಡನ್ನು ವೆಲ್ಡಿಂಗ್ ಮಾಡಿದರೆ ಪಕ್ಕದಲ್ಲಿ ಸೀಳುತ್ತದೆ ಎಂದು ವೆಲ್ಡಿಂಗಿನವರು ಕೈಯಾಡಿಸಿದ್ದರು. ಅಕ್ಕ ರಾತ್ರಿ ಮನೆಗೆ ಬಂದು, ‘ನಾಳೆ ಬೆಳಿಗ್ಗೆಗೆ ತುಳಿಯಂಗೆ ಆಗ್ಬೇಕು, ಐದು ನಿಮಿಷದ್ದು ತಂದುಕೊಡೇ’ ಎಂದರು.

ಐದು ನಿಮಿಷದ ಅಂಟು ಐದು ನಿಮಿಷಕ್ಕೆ ಪೂರ್ತಿ ಗಟ್ಟಿಯಾಗುವುದಿಲ್ಲ. ಐದು ನಿಮಿಷ ಎನ್ನುವುದು ಕಲಸಿದ ಮೇಲೆ ಹಚ್ಚಲು ನಮಗೆ ಸಿಗುವ ಹೊತ್ತು. ಪೂರ್ತಿ ಬಲಕ್ಕೆ ಅದಕ್ಕೂ ಗಂಟೆಗಟ್ಟಲೆ ಬೇಕು. ಸಾಮಾನ್ಯವಾಗಿ ನಿಧಾನದ ಬಗೆ ಕೊನೆಗೆ ಹೆಚ್ಚು ಬಲವಾಗಿ, ಬಿಸಿ–ನೀರಿಗೆ ಹೆಚ್ಚು ತಾಳುವಂತೆ ಆಗುತ್ತದೆ. ಹರಿದು ಸಂದಿಗೆ ಇಳಿಯಲು ಅದಕ್ಕೆ ಸಮಯವೂ ಇರುತ್ತದೆ. ಅದು ಪೂರ್ತಿ ಬಲಿಯಲು ಒಂದು ಹಗಲು ಒಂದು ರಾತ್ರಿ. ಹಾಗಾದರೆ ಬೇಗದ ಅಂಟು ಯಾವುದಕ್ಕೆ? ಒಡೆದ ಗಣೇಶನ ಕಿವಿ, ಷೋಕೇಸಿನ ಗೊಂಬೆ, ಕೈಯಲ್ಲಿ ಹಿಡಿದೇ ನಿಲ್ಲಿಸಬೇಕಾದ ಸಣ್ಣ ಚೂರು ಇಂಥವಕ್ಕೆ. ಕೆಲವು ಬೇಗದ ಬಗೆಗಳ ಹಾರ್ಡನರ್‌ನಲ್ಲಿ ಗಂಧಕದ ಸಂಯುಕ್ತ ಇರುವುದರಿಂದ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಹಾಳಾಗಿದೆ ಎಂದು ವಾಪಸು ತರುವವರೂ ಇದ್ದಾರೆ.

ಅಕ್ಕನಿಗೆ ನಾನು ನಿಧಾನದ್ದೇ ತಂದೆ. ಜೊತೆಗೆ ಎರಡು ಕಬ್ಬಿಣದ ಪಟ್ಟಿ, ನಾಲ್ಕು ನಟ್ಟು–ಬೋಲ್ಟು. ಬರೀ ಸೀಳಿನ ಅಂಚಿಗೆ ಅಂಟು ಹಚ್ಚಿದರೆ ತುಳಿತಕ್ಕೆ ಅದು ನಿಲ್ಲುವುದಿಲ್ಲ. ಎಪಾಕ್ಸಿಯ ಬಲ ಇರುವುದು ಎರಡು ಅಗಲವಾದ ಮೈಗಳು ಒಂದರ ಮೇಲೊಂದು ಜಾರದಂತೆ ಹಿಡಿಯುವುದರಲ್ಲಿ. ಅಂಚಿನಿಂದ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿಯುವ ಬಲಕ್ಕೆ ಅದು ಸೋಲುತ್ತದೆ. ಒಳ್ಳೆಯ ಎಪಾಕ್ಸಿಯ ಮಾಹಿತಿ ಪತ್ರದಲ್ಲಿ, ಲೋಹದ ಮೇಲೆ ಲೋಹ ಅಂಟಿಸಿ ಜಾರಿಸಿದಾಗ 15–20 ಮೆಗಾಪ್ಯಾಸ್ಕಲ್ ಬಲ ಎಂದು ಬರೆದಿರುತ್ತದೆ. ಚದರ ಸೆಂಟಿಮೀಟರಿಗೆ 150ರಿಂದ 200 ಕೆ.ಜಿ. ಅಂದಂತೆ. ಅದು ಪ್ರಯೋಗಾಲಯದ ಚೊಕ್ಕ ಮೈಯ ಲೆಕ್ಕ. ಮನೆಯಲ್ಲಿ ಅದರ ಹತ್ತರಲ್ಲೊಂದು ಭಾಗ ಎಂದುಕೊಂಡರೂ, ಹತ್ತು ಚದರ ಸೆಂಟಿಮೀಟರ್ ಪಟ್ಟಿಗೆ 150 ಕೆ.ಜಿ. ಸಿಕ್ಕಿತು. ಆದ್ದರಿಂದಲೇ ಅಂಚಿಗೆ ಅಂಚು ಅಂಟಿಸುವ ಬದಲು ಪಟ್ಟಿ ಹೊದಿಸುವುದು.

ಕೆಲಸದ ಹೆಚ್ಚು ಪಾಲು ಹೋದದ್ದು ತೊಳೆಯುವುದರಲ್ಲಿ. ಹತ್ತಿಪ್ಪತ್ತು ವರ್ಷದ ಮಷೀನೆಣ್ಣೆ ಆ ಹಲಗೆಗೆ ಹಿಡಿದಿತ್ತು. ಮೊದಲು ಥಿನ್ನರಿನಿಂದ ಒರೆಸಿ, ಅಕ್ಕನ ಮಗ ಉಪ್ಪು ಕಾಗದದಿಂದ ಬೆಳ್ಳಗೆ ಲೋಹ ಕಾಣುವವರೆಗೆ ಉಜ್ಜಿ, ಮತ್ತೆ ಒರೆಸಿದೆವು. ಮೈ ಚೊಕ್ಕವಾಯಿತೇ ಎಂದು ನೋಡಲು ಒಂದು ಉಪಾಯವಿದೆ. ನಾಲ್ಕು ಹನಿ ನೀರು ಹಾಕಿ. ನೀರು ತೆಳ್ಳಗೆ ಹರಡಿಕೊಂಡರೆ ಸರಿ. ಕೆಸುವಿನ ಎಲೆಯ ಮೇಲಿನಂತೆ ಮಣಿಯಾಗಿ ನಿಂತರೆ ಎಣ್ಣೆ ಇನ್ನೂ ಇದೆ. ಆಮೇಲೆ ಚೆನ್ನಾಗಿ ಒಣಗಿಸಬೇಕು. ಬೋಲ್ಟನ್ನು ಅಂಟು ಚೂರು ಹೊರಗೆ ಇಣುಕುವಷ್ಟು ಬಿಗಿದರೆ ಸಾಕು. ಜೋರಾಗಿ ಬಿಗಿದರೆ ಅಂಟೆಲ್ಲ ಹೊರಬಂದು ನಡುವೆ ಏನೂ ಉಳಿಯುವುದಿಲ್ಲ.

ಅಕ್ಕನ ಒಂದು ದಿನದ ಕೂಲಿ ಹೋಯಿತು, ಅದನ್ನು ಮುಚ್ಚಿಡುವುದಿಲ್ಲ. ಮರುದಿನವೆಲ್ಲ ಕೈಯಲ್ಲೇ ಚೀಲಕ್ಕೆ ಹಿಡಿ ಕಟ್ಟುತ್ತಾ ಕುಳಿತಿದ್ದರು, ನನ್ನ ಜೊತೆ ಅಷ್ಟಾಗಿ ಮಾತಾಡಲಿಲ್ಲ. ಮೂರನೇ ದಿನ ಬೆಳಿಗ್ಗೆ ಮಷೀನಿನ ಸದ್ದು ಕೇಳಿತು. ಈಗ ಏಳು ತಿಂಗಳಾಯಿತು, ಹಲಗೆ ಅಲುಗಿಲ್ಲ.

ಬಳ್ಳಾರಿಯ ಬಿಸಿಲಿಗೆ ಇನ್ನೊಂದು ಲೆಕ್ಕವಿದೆ. ತಾಪ ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆ ಸುಮಾರಾಗಿ ಎರಡು ಪಟ್ಟು ಚುರುಕಾಗುತ್ತದೆ, ಪಿಯುಸಿಯಲ್ಲಿ ಓದಿದ್ದೇ. ಪೊಟ್ಟಣದ ಮೇಲೆ ಬರೆದ ಹೊತ್ತು ಸಾಮಾನ್ಯವಾಗಿ 25 ಡಿಗ್ರಿಯದು. ಅಲ್ಲಿ 100 ನಿಮಿಷ ಎಂದಿದ್ದರೆ, ಮೇ ತಿಂಗಳ 42 ಡಿಗ್ರಿಯಲ್ಲಿ ನಮಗೆ ಸಿಗುವುದು ಅರ್ಧ ಗಂಟೆ. ಐದು ನಿಮಿಷದ್ದು ಕಲಸಿ ಮುಗಿಸುವಷ್ಟರಲ್ಲೇ ಗಟ್ಟಿ. ಹೀಗಾಗಿ ಬೇಸಿಗೆಯಲ್ಲಿ ಬೆಳಿಗ್ಗೆ ಏಳಕ್ಕೆ ಮೊದಲು ಕಲಸಿರಿ ಎನ್ನುತ್ತೇನೆ. ಲೋಟದಲ್ಲಿ ತುಂಬ ಕಲಸಿಡಬೇಡಿ. ಕ್ರಿಯೆಯ ಬಿಸಿ ಹೊರಹೋಗಲು ದಾರಿಯಿಲ್ಲದೆ ಒಳಗೇ ಸೇರಿ, ಲೋಟ ಮುಟ್ಟಲಾರದಷ್ಟು ಕಾಯುತ್ತದೆ, ದೊಡ್ಡ ಮುದ್ದೆಯಾದರೆ ಹೊಗೆಯೂ ಬರುತ್ತದೆ. ಹೆಂಚಿನ ಚೂರಿನ ಮೇಲೋ ರಟ್ಟಿನ ಮೇಲೋ ತೆಳ್ಳಗೆ ಹರಡಿ ಕಲಸಿದರೆ ಆ ತಾಪತ್ರಯವಿಲ್ಲ.

ಬಿಸಿಯ ಮಾತು ಬಂದಿತಲ್ಲ, ಫೆವಿಕ್ವಿಕ್‌ನದೂ ಹೇಳಿಬಿಡುತ್ತೇನೆ. ಅದು ಎಪಾಕ್ಸಿಯಲ್ಲ, ಸಯನೋಅಕ್ರಿಲೇಟ್ ಎಂಬ ಬೇರೆ ಸರಕು. ಗಾಳಿಯ ತೇವ ಹೀರಿ ಕ್ಷಣದಲ್ಲಿ ಹಿಡಿಯುತ್ತದೆ. ಹತ್ತಿ ಬಟ್ಟೆಯ ಮೇಲೆ ಚೆಲ್ಲಿದರೆ ಚರ್ಮ ಸುಡುವಷ್ಟು ಬಿಸಿಯಾಗುತ್ತದೆ. ಜೀನ್ಸ್ ಹತ್ತಿಯದೇ. ಜೀನ್ಸ್ ತೊಟ್ಟು, ತೊಡೆಯ ಮೇಲೆ ಮೊಬೈಲ್ ಇಟ್ಟುಕೊಂಡು ಅಂಟಿಸುವ ಹುಡುಗರು ಇದನ್ನು ನೆನಪಿಡಿ.

ನಮ್ಮೂರಿನ ಕಾರಣಕ್ಕೆ ನನಗೆ ಇನ್ನೊಂದು ಬಗೆಯ ಗಿರಾಕಿ ಸಿಗುತ್ತಾರೆ. ಸಂಗನಕಲ್ಲಿನ ಗುಡ್ಡಗಳು ನವಶಿಲಾಯುಗದ ಜನ ಬದುಕಿದ ಜಾಗ. ಹಿರೇಗುಡ್ಡದ ಮೇಲೆ ಕರಿಯ ಡಾಲರೈಟ್ ಕಲ್ಲಿನಿಂದ ಕೊಡಲಿ ಮಾಡುವ ದೊಡ್ಡ ಕಾರ್ಖಾನೆಯೇ ಇತ್ತು. ಹತ್ತೊಂಬತ್ತನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿ ಓಡಾಡಿ ಬರೆದಿಟ್ಟರು. 1940ರ ದಶಕದಲ್ಲಿ ಬಿ. ಸುಬ್ಬರಾವ್ ಅಗೆದು ನೋಡಿದರು. ಫೂಟ್ ಹೆಸರಿನ ವಸ್ತುಸಂಗ್ರಹಾಲಯ ಬಳ್ಳಾರಿಯಲ್ಲೇ ಇದೆ, ನೋಡದವರು ನೋಡಿ. ಹೊಲ ಉಳುವಾಗ ಈಗಲೂ ಮಡಕೆ ಚೂರು ಸಿಗುವುದುಂಟು. ಕಾಲೇಜು ಹುಡುಗರಿಬ್ಬರು ಒಮ್ಮೆ ನಾಲ್ಕೈದು ಚೂರು ಹಿಡಿದು ಬಂದು, ‘ಅಕ್ಕಾ, ಜೋಡಿಸಿ ಪ್ರಾಜೆಕ್ಟಿಗೆ ಇಡ್ತೀವಿ, ಬಿಡದಂಥ ಅಂಟು ಕೊಡು’ ಎಂದರು.

ಬಿಡದಂಥ ಅಂಟೇ ಅಲ್ಲಿ ತೊಂದರೆ. ಈಜಿಪ್ಟಿನ ತುತಾಂಖಾಮನ್‌ನ ಚಿನ್ನದ ಮುಖವಾಡದ ಗಡ್ಡ 2014ರಲ್ಲಿ ಕೈರೋ ಸಂಗ್ರಹಾಲಯದಲ್ಲಿ ಕಳಚಿತು. ಅವಸರದಲ್ಲಿ ಅದನ್ನು ಎಪಾಕ್ಸಿಯಿಂದ ಅಂಟಿಸಿದರು. ಅಂಟು ಚಿನ್ನದ ಮೇಲೆ ಹರಿದು ಗಟ್ಟಿಯಾಯಿತು, ಕೆರೆಯಲು ಹೋಗಿ ಗೀರು ಬಿತ್ತು. ಸುದ್ದಿ ಹೊರಬಿದ್ದ ಮೇಲೆ ಕ್ರಿಸ್ಟಿಯಾನ್ ಎಕ್‌ಮನ್ ಎಂಬ ಜರ್ಮನ್ ತಜ್ಞರ ತಂಡ ಮರದ ಸಲಕರಣೆಗಳಿಂದ ಆ ಎಪಾಕ್ಸಿಯನ್ನು ಕೆರೆದು ತೆಗೆದು, ಗಡ್ಡವನ್ನು ಜೇನುಮೇಣದಿಂದ ಮತ್ತೆ ಕೂರಿಸಿತು. 2015ರ ಡಿಸೆಂಬರಿನಲ್ಲಿ ಮುಖವಾಡ ಮತ್ತೆ ಪ್ರದರ್ಶನಕ್ಕೆ ಬಂತು. ಸಾವಿರಾರು ವರ್ಷ ಹಳೆಯ ಮೇಣ ಗೆದ್ದದ್ದು ಅದು ಬಲವಾದುದು ಎಂದಲ್ಲ, ಬೇಕಾದಾಗ ಬಿಡುತ್ತದೆ ಎಂದು. ಸಂಗ್ರಹಾಲಯದವರು ಮಡಕೆ ಜೋಡಿಸಲು ಅಸಿಟೋನ್‌ನಲ್ಲಿ ಕರಗುವ ಅಕ್ರಿಲಿಕ್ ರೆಸಿನ್ ಬಳಸುತ್ತಾರೆ. ನಾಳೆ ಇನ್ನೊಂದು ಚೂರು ಸಿಕ್ಕರೆ ಬಿಚ್ಚಿ ಜೋಡಿಸಬಹುದು. ನಮ್ಮ ಹಿರಿಯರು ಚಾಕು, ಕುಡುಗೋಲಿಗೆ ಹಿಡಿ ಕೂರಿಸುತ್ತಿದ್ದ ಅರಗು ಕೂಡ ಅದೇ ಗುಣದ್ದು. ಕಾಯಿಸಿದರೆ ಬಿಡುತ್ತದೆ, ಹಿಡಿ ಬದಲಿಸಿ ಮತ್ತೆ ಕೂರಿಸಬಹುದು. ಹುಡುಗರಿಗೆ ಚೂರುಗಳನ್ನು ಸಿಕ್ಕ ಹೊಲದ ಗುರುತಿನ ಸಮೇತ ಸಂಗ್ರಹಾಲಯಕ್ಕೆ ಕೊಡಿ ಎಂದೆ. ಕೊಟ್ಟರೋ ಇಲ್ಲವೋ, ಅಂಟಂತೂ ನನ್ನಿಂದ ಸಿಗಲಿಲ್ಲ.

ಕೆಲಸ ಹುಡುಕುತ್ತಿರುವವರಿಗೆ ಒಂದು ಮಾತು. ಚಿತ್ರದುರ್ಗ, ಗದಗ ಕಡೆಯ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರದ ರೆಕ್ಕೆಗಳಲ್ಲಿ, ನಿಮ್ಮ ಕೈಯ ಮೊಬೈಲಿನ ಹಸಿರು ಬೋರ್ಡಿನಲ್ಲಿ, ಕಾರ್ಖಾನೆಯ ನೆಲಕ್ಕೆ ಹೊಯ್ಯುವ ಹೊಳಪು ಪದರದಲ್ಲಿ ಇರುವುದು ಎಪಾಕ್ಸಿಯೇ. ಐಟಿಐ, ಡಿಪ್ಲೊಮಾ ಮುಗಿಸಿ ಅಂಥ ಕಡೆ ಸೇರುವವರು ಅಂಟಿನ ಡಬ್ಬಿಗಿಂತ ಮೊದಲು ಅದರ ತಾಂತ್ರಿಕ ಮಾಹಿತಿ ಪತ್ರ ಓದುವುದನ್ನು ರೂಢಿಸಿಕೊಳ್ಳಿ. ಅದಕ್ಕೆ ಟಿಡಿಎಸ್ ಎನ್ನುತ್ತಾರೆ. ಕಂಪನಿಗಳು ಪುಕ್ಕಟೆ ಕೊಡುತ್ತವೆ, ಎರಡೇ ಪುಟ. ಕಲಸಿದ ಮೇಲೆ ಎಷ್ಟು ಹೊತ್ತು, ಯಾವ ತಾಪದವರೆಗೆ, ಯಾವ ಮೈಗೆ ಎಷ್ಟು ಬಲ ಎಂಬುದೆಲ್ಲ ಅದರಲ್ಲಿರುತ್ತದೆ. ಜೊತೆಗೆ ಸುರಕ್ಷತೆಯ ಪತ್ರ, ಎಸ್‌ಡಿಎಸ್. ಇದನ್ನು ಯಾರೂ ಓದುವುದಿಲ್ಲ, ಓದಬೇಕಾದ್ದು ಇದನ್ನೇ. ಗಟ್ಟಿಯಾಗದ ಎಪಾಕ್ಸಿ ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಅಲರ್ಜಿ ಹುಟ್ಟುತ್ತದೆ. ಒಮ್ಮೆ ಹುಟ್ಟಿದರೆ ಜೀವನಪೂರ್ತಿ ಉಳಿಯಬಹುದು, ಆಮೇಲೆ ಚೂರು ತಾಗಿದರೂ ಕೈ ಬಾತು ತುರಿಕೆ. ದಿನವೂ ಇದರಲ್ಲೇ ಕೆಲಸ ಮಾಡುವವನಿಗೆ ಅದು ಕೆಲಸ ಬಿಡುವ ಕಾರಣವೇ ಆಗಿಬಿಡಬಹುದು. ಆದ್ದರಿಂದ ನೈಟ್ರೈಲ್ ಕೈಗವಸು ಹಾಕಿ. ಕೈಗೆ ತಾಗಿದರೆ ಥಿನ್ನರಿನಿಂದ ಉಜ್ಜಬೇಡಿ, ಅದು ಅಂಟನ್ನು ಚರ್ಮದೊಳಕ್ಕೆ ಇಳಿಸುತ್ತದೆ. ಸಾಬೂನು, ನೀರು ಸಾಕು. ಗಟ್ಟಿಯಾದದ್ದನ್ನು ಉಜ್ಜುವಾಗ ಮೂಗಿಗೆ ಮಾಸ್ಕ್ ಇರಲಿ.

ಉಳಿದ ಟ್ಯೂಬುಗಳನ್ನು ಏನು ಮಾಡುವುದು ಎಂದು ಕೇಳುವವರು ಬಹಳ. ಬಾಯಿ ಒರೆಸಿ, ರೆಸಿನ್‌ನ ಮುಚ್ಚಳ ರೆಸಿನ್‌ಗೆ, ಹಾರ್ಡನರ್‌ನದು ಹಾರ್ಡನರ್‌ಗೇ ಹಾಕಿ. ಅದಲು ಬದಲಾದರೆ ಮುಚ್ಚಳವೇ ಟ್ಯೂಬಿಗೆ ಅಂಟಿ, ಮುಂದಿನ ಸಲ ಕತ್ತರಿ ಬೇಕಾಗುತ್ತದೆ. ಬಿಸಿಲು ಬೀಳದ ಕಡೆ, ಮಕ್ಕಳ ಕೈಗೆ ಸಿಗದಂತೆ ಇಡಿ. ಚಳಿಗಾಲದಲ್ಲಿ ರೆಸಿನ್ ಸಕ್ಕರೆ ಕಟ್ಟಿದ ಜೇನಿನಂತೆ ಹರಳುಗಟ್ಟಿದ್ದರೆ ಎಸೆಯಬೇಡಿ. ಮುಚ್ಚಳ ಬಿಗಿಯಾಗಿ ಹಾಕಿ, ಬಿಸಿ ನೀರಿನ ಲೋಟದಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಮತ್ತೆ ತಿಳಿಯಾಗುತ್ತದೆ. ತಣ್ಣಗಾದ ಮೇಲೆ ಕಲಸಿ.